ನೀರು ಬಿಟ್ಟ ರಾತ್ರಿ

ಬಚ್ಚಲ ಬಾಗಿಲ ಒಳಗಿನಿಂದ ನೀನು
ಮೊದಲು ಅವ್ವನ್ನ ಕರೆದೆ.
ಅವ್ವ ಸಿರುಗುಪ್ಪದಲ್ಲಿ, ಚಿಕ್ಕಮ್ಮನ ಬಾಣಂತನಕ್ಕೆ.
ಆಮೇಲೆ ಅಜ್ಜಿಯನ್ನ. ಅಜ್ಜಿಗೆ ಎಡಗಿವಿ ಕೇಳದು,
ಬಲಗಿವಿಯಲ್ಲಿ ಸೀರಿಯಲ್.
ಕಡೆಗೆ, ತುಸು ತಡೆದು,
'ಅಪ್ಪಾ, ಒಳಗ ಬರಬ್ಯಾಡ, ಅಲ್ಲೇ ನಿಲ್ಲು' ಅಂದೆ.

ನಿಂತೆ.
ಕೌಲ್ ಬಜಾರಿನ ವಾಷಿಂಗ್ ಯೂನಿಟ್ಟಿನಲ್ಲಿ ಹದಿನಾರು ವರ್ಷ
ಜೀನ್ಸ್ ಪ್ಯಾಂಟು ತೊಳೆದವನು,
ಮೊಣಕೈ ತನಕ ನೀಲಿ,
ಉಣ್ಣಲು ಕೂತರೂ ಉಗುರಸಂದಿಯಲ್ಲಿ ನೀಲಿ.
ಯಾವ ಬಣ್ಣ ಬಿಡುತ್ತದೆ, ಯಾವುದು ಕಚ್ಚುತ್ತದೆ
ಮೂಸಿ ಹೇಳಬಲ್ಲೆ.
ಕೆಂಪಿನ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ.

ಫೋನಿನಲ್ಲಿ ನಿನ್ನವ್ವ ಮೊದಲು ನಕ್ಕಳು.
ಆಮೇಲೆ ಸುಮ್ಮನಾದಳು, ಆ ಕಡೆ ಕೂಸಿನ ಅಳು ಕೇಳಿಸಿತು.
ಆಮೇಲೆ ಒಂದೇ ಉಸಿರಿಗೆ:
ಕಪಾಟು, ಎರಡನೇ ಅರೆ, ಹಳದಿ ಟವೆಲಿನ ಕೆಳಗೆ,
ಎರಡೇ ಉಳಿದಾವ, ನೀ ಮೆಡಿಕಲ್ಲಿಗೆ ಹೋಗು.

ಹೋದೆ. ಇದ್ದ ಮೂರು ಮಂದಿ ಗಿರಾಕಿ ಕರಗಲಿ ಅಂತ
ಬೀಡಿ ಬಿಟ್ಟು ಮೂರು ವರ್ಷವಾದವನು
ಒಂದು ಬೀಡಿ ಕೊಂಡು ಹಚ್ಚಿದೆ.
'ಏಂ ಕಾವಾಲನ್ನಾ?'
'ಮಗಳಿಗೆ' ಅಂದೆ. ಅಷ್ಟೇ ಬಾಯಿಗೆ ಬಂದದ್ದು.
ಅವನು ಮತ್ತೆ ಕೇಳಲಿಲ್ಲ. ಪೇಪರಿನಲ್ಲಿ ಸುತ್ತಿದ,
ಸುತ್ತಿದ್ದನ್ನು ಕಪ್ಪು ಕವರಿಗೆ ಹಾಕಿದ,
ಕವರಿಗೆ ಗಂಟು ಬಿಗಿದ.
ಮಾಂಸವೆಂದು ತಿಳಿದು
ಓಣಿಯ ನಾಯಿ ಮನೆತನಕ ಹಿಂದೆ ಬಂತು.

ಅಷ್ಟೊತ್ತಿಗೆ ಅಜ್ಜಿ ಸೀರಿಯಲ್ ಆರಿಸಿದ್ದಳು.
ಮೂಲೆಗೆ ಚಾಪೆ, ಬೇರೆ ಲೋಟ, ಬೇರೆ ತಾಟು.
'ಜಗಲಿ ಕಡಿ ಹೋಗಬ್ಯಾಡ, ನೀರಿನ ಡ್ರಮ್ಮು ಮುಟ್ಟಬ್ಯಾಡ,
ಐದು ದಿನ. ದೊಡ್ಡಾಕಿ ಆದಿ ನೀನು.'
ಹಸಿರು ಸೀರೆ, ಚಿಗಳಿ, ಒಸಗೆಗೆ ಯಾರ್ಯಾರು
ಅಂತ ಬೆರಳು ಮಡಚತೊಡಗಿದಳು.
ನೀನು ಚಾಪೆಯ ಮೇಲೆ
ಖೋಖೋ ಸಾಲಿನಲ್ಲಿ ಕೂತಂತೆ ಕೂತಿದ್ದೆ,
ಯಾರಾದರೂ ಬೆನ್ನು ತಟ್ಟಿದರೆ ಎದ್ದು ಓಡುವ ಹಾಗೆ.

ನಮ್ಮ ಯೂನಿಟ್ಟಿನಲ್ಲಿ, ಭಾರ್ಗವಿ,
ಹೊಸ ಪ್ಯಾಂಟನ್ನ ಕಲ್ಲಿನ ಜೊತೆ ತಿರುವಿ
ಎಮರಿ ಪೇಪರ್ ತಿಕ್ಕಿ ಹಳೆಯದು ಮಾಡುತ್ತೇವೆ.
ಇಪ್ಪತ್ತು ನಿಮಿಷಕ್ಕೆ ಐದು ವರ್ಷ.
ಅಜ್ಜಿಗೆ ಅಷ್ಟೂ ಹೊತ್ತು ಬೇಕಾಗಲಿಲ್ಲ.
ನಾನು ಬಾಯಿ ತೆರೆದೆ, ಮುಚ್ಚಿದೆ.
ಇದನ್ನೂ ಲೆಕ್ಕದಲ್ಲಿಡು: ಮುಚ್ಚಿದೆ.

ರಾತ್ರಿ ಎರಡಕ್ಕೆ ನಲ್ಲಿ ಕೆಮ್ಮಿತು,
ಒಂಬತ್ತು ದಿನದ ಮೇಲೆ.
ಬಳ್ಳಾರಿಯಲ್ಲಿ ಆ ಕೆಮ್ಮಿಗೆ ಹೆಣವೂ ಏಳುತ್ತದೆ.
ಓಣಿ ತುಂಬ ಕೊಡ, ಪೈಪು, ಬೈಗುಳ,
ಖಾಜಾಬೀ ಮನೆಯ ಮೋಟರಿನ ಗುರ್ರು.
ನಮ್ಮ ಪೈಪು ಕೈಜಾರಿ
ಅಂಗಳಕ್ಕೆಲ್ಲ ನೀರು ಚಿಮ್ಮುತ್ತಿತ್ತು.
'ಏ ಭಾರ್ಗೀ, ಕುಂತು ಏನ್ ನೋಡ್ತಿ,
ಡ್ರಮ್ಮಿಗೆ ಪೈಪ್ ಹಿಡಿ!'
ಕೂಗಿದ್ದು ಅಜ್ಜಿ.

ನೀನು ಎದ್ದೆ, ಹಿಡಿದೆ.
ಡ್ರಮ್ಮು ತುಂಬಿತು, ಬಿಂದಿಗೆ ತುಂಬಿದವು,
ದೇವರ ತಂಬಿಗೆಯನ್ನೂ ನೀನೇ ತುಂಬಿಸಿದೆ.
ನನ್ನ ಬಿಟ್ಟು ಅದು ಯಾರ ಕಣ್ಣಿಗೂ ಬೀಳಲಿಲ್ಲ.
ನಲ್ಲಿ ನಿಂತ ಮೇಲೆ ಅಜ್ಜಿಗೆ ನೆನಪಾಯಿತು.
ಒದ್ದೆ ಸೆರಗಿನಲ್ಲಿ ಹೊಸ್ತಿಲ ಮೇಲೆ ಕೂತು
ತುಂಬಿದ ಡ್ರಮ್ಮನ್ನೇ ನೋಡಿದಳು. ಚೆಲ್ಲುವಂತಿಲ್ಲ.
'ನಂಗ ಸೇಂಗಾ ಹೊಲದಾಗ ಆಗಿತ್ತು,' ಅಂದಳು,
ಯಾರಿಗೂ ಅಲ್ಲ ಎಂಬಂತೆ.
'ಕುಡುಗೋಲು ತಾಗೇತಿ ಅಂತ
ಹೊತ್ತು ಮುಣಗೋ ತನಕ ಗಾಯ ಹುಡುಕಿದೆ.'

ನನ್ನ ಹತ್ತಿರ ಇದ್ದದ್ದು ಒಂದೇ ವಿದ್ಯೆ:
ರಕ್ತಕ್ಕೆ ಬಿಸಿನೀರು ಹಾಕಬೇಡ, ಕಲೆ ಕೂತುಬಿಡುತ್ತದೆ.
ತಣ್ಣೀರು, ಒಂದು ಹಿಡಿ ಉಪ್ಪು, ತುಸು ಹೊತ್ತು ನೆನೆ ಹಾಕು.
ಒಣಹಾಕುವಾಗ ಇನ್ನೊಂದು ಬಟ್ಟೆಯ ಕೆಳಗೆ ಬೇಡ,
ಮೇಲೆ ಹಾಕು, ನಮ್ಮೂರಿನಲ್ಲಿ
ಬಿಸಿಲಿಗೇನು ಬರವಿಲ್ಲ.

ಮಾತು ಜೋಡಿಸಿಕೊಂಡು ಮುಂಜಾನೆ ಮಾಳಿಗೆ ಹತ್ತಿದರೆ
ಹಗ್ಗದ ಮೇಲೆ ಆಗಲೇ ನಿನ್ನ ಯೂನಿಫಾರ್ಮಿನ ಲಂಗ.
ಹಿಂದೆ, ನೆರಿಗೆಯಲ್ಲಿ, ಒಂದು ಮಬ್ಬು ಕಂದು.
ಬಿಸಿನೀರು ಹಾಕಿದ್ದೆ ನೀನು.

'ಹೋಗಲ್ಲೇನಪ್ಪಾ ಇದು?'
'ಹೋಗ್ತತಿ,' ಅಂದೆ
ನನ್ನ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು.