ಮೂರು ಹಾರನ್

ಶನಿವಾರ ನಸುಕಿಗೆ ಭಟ್ಟಿಯ ಚಿಮಣಿ ಬಿರುಕು ಬಿಟ್ಟಿತು.
ಮೇಸ್ತ್ರಿ ಬರುವುದು ಮಂಗಳವಾರ ಅಂದಾಗ
ಅಬ್ಬಾ ಬೈದ, ಲೆಕ್ಕ ಹಾಕಿದ, ಬೀಡಿ ಸೇದಿದ,
ಆಮೇಲೆ ಲಗೇಜ್ ಆಟೋದ ತೊಟ್ಟಿಗೆ ಎರಡು ಬಕೆಟ್ ನೀರು ಸುರುವಿ
'ನಾಳೆ ಕೆರೆಗೆ' ಅಂದ.

ಯಾವ ಕೆರೆ ಅಂತ ಯಾರೂ ಕೇಳಲಿಲ್ಲ.
ಮಕ್ಕಳ ಮುಂದೆ ಅವನು ಅದನ್ನು ಶಾಂತಿಸಾಗರ ಅನ್ನುವವನು.
ದಾದಿ ಮಾತ್ರ ಹಲ್ಲಿಲ್ಲದ ಬಾಯಲ್ಲಿ
ಹಳೇ ಹೆಸರನ್ನೇ ಹೇಳಿ
ಸೊಸೆಯ ಮುಖ ನೋಡುವಳು.

ಅಮ್ಮಿಗೆ ರಾತ್ರಿ ಎರಡಕ್ಕೇ ಏಳುವ ರೂಢಿ.
ಆ ಭಾನುವಾರವೂ ಎದ್ದಳು,
ಉರಿ ಹಾಕಲು ಒಲೆಯಿಲ್ಲದೆ ಅಂಗಳದಲ್ಲಿ ನಿಂತಳು,
ಏನು ಮಾಡುವುದೋ ತಿಳಿಯದೆ
ಹದಿನಾಲ್ಕು ಮೊಟ್ಟೆ ಬೇಯಿಸಿದಳು.

ಮುಂದೆ ಇರುವುದು ಒಂದೇ ಸೀಟು. ಅದರಂಚಿಗೆ ದಾದಿ,
ಮಂಡಿನೋವಿನ ಹಕ್ಕಿನಿಂದ.
ಹಿಂದೆ ನಾವು: ಅಮ್ಮಿ, ನಾನು, ಜಿಲಾನಿ,
ಚಿಕ್ಕಮ್ಮ ಮುಬೀನಾ, ಅವಳ ಮಡಿಲ ಕೂಸು,
ಕುಸ್ಕಾದ ಡಬರಿ, ಕೊಡದಲ್ಲಿ ನೀರು,
ಮಡಚಿಟ್ಟ ತಾಡಪಾಲು.
'ಇವತ್ತು ಯಾರಾದರೂ ಮಂಡಕ್ಕಿ ಹೆಸರೆತ್ತಿದರೆ
ಅಲ್ಲೇ ಇಳಿಸಿ ನಡೆಸ್ತೀನಿ' ಅಂದಳು ಅಮ್ಮಿ.
ಹೆಸರೆತ್ತುವುದೇನು, ಗಾಳಿ ಬೀಸಿದ್ದೇ ತಡ
ತಗಡಿನ ಸಂದಿಗಳಿಂದ ಎಷ್ಟೋ ವರ್ಷದ ಮಂಡಕ್ಕಿ
ತಾನೇ ಎದ್ದು ಬಂದು ನಮ್ಮ ಕೂದಲಲ್ಲಿ ಕೂತಿತು.

ಹದಡಿ ದಾಟಿತು. ಕಾಲುವೆಯ ಮಗ್ಗುಲ ಗದ್ದೆಯಲ್ಲಿ
ನಾಟಿಯ ಹೆಂಗಸರು ಬೆನ್ನು ನೆಟ್ಟಗೆ ಮಾಡಿ ನೋಡಿದರು;
ಜಿಲಾನಿ ಎರಡೂ ಕೈ ಬೀಸಿದ.
ಹಾಲಿನ ಕ್ಯಾನಿನ ಸೈಕಲ್ಲೊಂದು ನಮ್ಮನ್ನು ಹಿಂದೆ ಹಾಕಿತು.
ಅಬ್ಬಾನಿಗೆ ಅವಮಾನವಿಲ್ಲ.
ತೂಕವಿಲ್ಲದ್ದನ್ನು ದಿನಾ ಗುಡ್ಡದಷ್ಟು ಹೇರಿ ಓಡಿಸುವವನಿಗೆ
ಗಾಳಿಯದೊಂದೇ ಭಯ.

ತ್ಯಾವಣಿಗೆಗೆ ಮುಂಚೆ ಬ್ಯಾರಿಕೇಡು, ಖಾಕಿ.
ಮೊದಲೇ ಹೇಳಿಕೊಟ್ಟಿದ್ದ:
ಮೂರು ಸಲ ಹಾರನ್ ಒತ್ತಿದರೆ ನೀವು ಮನುಷ್ಯರಲ್ಲ, ಮಾಲು.
ಒತ್ತಿದ.
ತಾಡಪಾಲು ಎಳೆದುಕೊಂಡು ಉರುಳಿದೆವು,
ಮೊಣಕಾಲು ಎದೆಗೊತ್ತಿ, ಚೀಲಗಳ ಹಾಗೆ ದುಂಡಗೆ.
ಒಳಗೆ ಕತ್ತಲೆ, ಡೀಸೆಲ್, ಲವಂಗದ ವಾಸನೆ,
ಕೂಸಿನ ಬಾಯಿಗೆ ಮುಬೀನಾಳ ಮೊಲೆ,
ಯಾರದೋ ಹಿಮ್ಮಡಿ ನನ್ನ ಕೆನ್ನೆಗೆ.

'ಏನಯ್ಯಾ ಹಿಂದೆ?'
'ಮಂಡಕ್ಕಿ ಸರ್.'

ಮೊದಲು ಅಮ್ಮಿಯ ಹೊಟ್ಟೆ ಅದುರಿತು.
ಸೆರಗು ಕಚ್ಚಿದಳು. ಕಚ್ಚಿದ ಸೆರಗಿನೊಳಗಿಂದಲೇ
ಕಾದ ಮರಳಲ್ಲಿ ಮೊದಲ ಕಾಳು ಅರಳಿದ ಸದ್ದು,
ಒಂದು, ಆಮೇಲೆ ನಾಲ್ಕು, ಆಮೇಲೆ ಎಣಿಕೆಗೆ ಸಿಗದಷ್ಟು.
ನಾನು ಅರಳಿದೆ. ಮುಬೀನಾ ಅರಳಿದಳು.
ಜಿಲಾನಿಯ ಮೂಗಿನಿಂದ ಗೊರಕೆಯಂಥದ್ದೊಂದು ಬಂತು.
ಅವಳು ಹೀಗೆ ನಗಬಲ್ಲಳೆಂದು
ಕತ್ತಲೆಯಲ್ಲಿ, ಹನ್ನೊಂದನೇ ವಯಸ್ಸಿಗೆ, ನನಗೆ ಗೊತ್ತಾಯಿತು.

ಲಾಠಿಯ ತುದಿ ಮೆಲ್ಲಗೆ ತಾಡಪಾಲು ತಿವಿಯಿತು.
'ನಿನ್ನ ಮಂಡಕ್ಕಿ ನಗ್ತದೇನಯ್ಯಾ?'
ಅಬ್ಬಾ ಬಾಯಿಬಿಡಲಿಲ್ಲ.
ದಾದಿ ಬಿಟ್ಟಳು:
'ಬಿಸಿ ಐತಪ್ಪಾ ಮಗನೇ, ಈಗ ಇಳಿಸಿದ್ದು.'

ತುಂಬಾ ಹೊತ್ತು ಏನೂ ಇಲ್ಲ. ಯಾರದೋ ಬೈಕು ಹೋಯಿತು.
'ನಿಧಾನ ಹೋಗು. ಚೆಲ್ಲೀತು.'

ಕೆರೆ ದೊಡ್ಡದಿತ್ತು, ಎಲ್ಲರೂ ಹೇಳುವಷ್ಟೇ.
ನನಗೆ ಅದರದು ಹೆಚ್ಚು ನೆನಪಿಲ್ಲ.
ಅಬ್ಬಾ ತೂಬಿನ ಹತ್ತಿರ ನೆರಳು ಹುಡುಕಿ ನಿದ್ದೆ ಹೋದ.
ಅಮ್ಮಿ ಮೊಣಕೈವರೆಗೆ ನೀರಲ್ಲಿ ಕೈ ಇಳಿಸಿ ಕೂತಳು;
ಸುಟ್ಟ ಕಲೆಗಳ ಆ ಕೈಗಳು ನೀರಿನಡಿ ಅಲುಗಿ ಅಲುಗಿ
ಯಾವುದೋ ಹುಡುಗಿಯ ಕೈಗಳಾದವು.
ಏಳು ಎಂದು ಅವಳನ್ನು ಯಾರೂ ಕರೆಯಲಿಲ್ಲ.
ಕುಸ್ಕಾ ನಾವೇ ಬಡಿಸಿಕೊಂಡೆವು,
ಅವಳ ಪಾಲಿಗೆ ಎರಡು ಮೊಟ್ಟೆ ಮುಚ್ಚಿಟ್ಟೆವು.

ಬರುವಾಗ ಬ್ಯಾರಿಕೇಡಿನ ಬಳಿ ಯಾರೂ ಇರಲಿಲ್ಲ.
ಆದರೂ ಅಬ್ಬಾ
ಮೂರು ಸಲ ಹಾರನ್ ಒತ್ತಿದ.
ಆದರೂ ನಾವು
ತಾಡಪಾಲು ಎಳೆದುಕೊಂಡೆವು.