ಡ್ರೈ

ಗ್ರೀನಕ್‌ನಲ್ಲಿ ಆಕಾಶ ಸೋರದ ದಿನ
ಎದುರಾದವರೆಲ್ಲ ಒಂದೇ ಮಾತು ಹೇಳುತ್ತಾರೆ: ಡ್ರೈ.
ಬಿಸಿಲಿದೆ ಎಂದಲ್ಲ, ಹಿತವಾಗಿದೆ ಎಂದೂ ಅಲ್ಲ,
ಸುರಿಯುತ್ತಿಲ್ಲ, ಅಷ್ಟೇ.
ಅಷ್ಟಕ್ಕೇ ಅದು ಹೊಗಳಿಕೆ, ಈ ಊರಿನಲ್ಲಿ.

ನಮ್ಮಲ್ಲಿ ಒಣ ಎಂದರೆ ಬೈದ ಹಾಗೆ:
ಒಣಜಂಭ, ಒಣಮಾತು, ಒಣ ಉಪಚಾರ.
ಇಲ್ಲಿ ಬೇರೆ. ಬೇಕರಿಯ ಎಫಿ
ಮುಖದ ಒಂದು ಗೆರೆಯೂ ಅಲುಗದಂತೆ
"ನಿನ್ನೆಯ ಬನ್ನು, ನಾಳೆಯ ರೇಟು" ಎನ್ನುತ್ತಾಳೆ.
ಸಾಲಿನಲ್ಲಿದ್ದವರು ಅರ್ಧ ನಿಮಿಷ ತಡವಾಗಿ ನಗುತ್ತಾರೆ.
ಅವಳ ಹಾಸ್ಯ ಡ್ರೈ ಅಂತೆ.
ಸಿಹಿ ಬಿಟ್ಟುಕೊಡದ ವೈನೂ ಡ್ರೈ,
ನೀರಿನಷ್ಟೇ ಒದ್ದೆಯಾಗಿದ್ದರೂ.
ಬೆಣ್ಣೆ ಸವರದ ಟೋಸ್ಟು, ಕಫವಿಲ್ಲದ ಕೆಮ್ಮು,
ಹಾಲು ಬತ್ತಿದ ಹಸು.
ಯಾವುದೋ ದ್ರವದಲ್ಲಿ ಮುಳುಗಿಸಿ ತೊಳೆದ ಕೋಟೂ ಡ್ರೈ.
ಇದನ್ನು ಮಾತ್ರ ನಾನು ಇವತ್ತಿಗೂ ನಂಬಿಲ್ಲ.

ಯೂವನ್ ಗಿಲ್‌ಕ್ರೈಸ್ಟ್ ಮೂವತ್ತೊಂದು ವರ್ಷ
ಡ್ರೈ ಡಾಕ್‌ನಲ್ಲಿ ಬೆಸುಗೆ ಹಾಕಿದವನು.
ಹಡಗನ್ನು ಒಳಗೆ ಬಿಟ್ಟು, ಬಾಗಿಲು ಮುಚ್ಚಿ,
ನೀರನ್ನೆಲ್ಲ ಪಂಪು ಹೊಡೆದು ತೆಗೆದರೆ
ಆಗ ಕಾಣುವುದು ಅದರ ನಿಜವಾದ ಹೊಟ್ಟೆ:
ತುಕ್ಕು, ಪಾಚಿ, ಕಚ್ಚಿಕೊಂಡ ಚಿಪ್ಪು,
ಕ್ಯಾಪ್ಟನ್ ಯಾರಿಗೂ ಹೇಳದ ಒಂದು ಬಿರುಕು.
"ನೀರಿನಲ್ಲಿದ್ದಾಗ ಎಲ್ಲ ಹಡಗೂ ಚೆಂದವೇ"
ಎನ್ನುತ್ತಾನೆ, ನಿಂಬೆ ಹಿಂಡಿದ ಸೋಡಾ ಕುಡಿಯುತ್ತ.

ಗುರುವಾರ ಸಂಜೆ ಚರ್ಚಿನ ಹಿಂದಿನ ಕೋಣೆಯಲ್ಲಿ
ಪ್ಲಾಸ್ಟಿಕ್ ಕುರ್ಚಿಯಿಂದೆದ್ದು
ಹೆಸರು ಹೇಳುತ್ತಾನೆ, ಬರೀ ಮೊದಲ ಹೆಸರು.
ಆಮೇಲೆ: ಹನ್ನೊಂದು ತಿಂಗಳು, ಡ್ರೈ.
ಚಪ್ಪಾಳೆಯೂ ಒಣಗಿದ್ದೇ. ಚಹಾ ಮಾತ್ರ ಕುದಿಯುತ್ತಿರುತ್ತದೆ.

ಶನಿವಾರ ರಾತ್ರಿ ಕನ್ನಡಿಯೆದುರು ಡ್ರೈ ರನ್:
ಕಿಡಿ ಹಾರಿಸದೆ ಬೆಸುಗೆ ಕಲಿಯುವ ಹುಡುಗನಂತೆ
ನಾಳೆ ಆಡಬೇಕಾದ್ದನ್ನು ಮೆಲ್ಲಗೆ ಆಡಿ ನೋಡುತ್ತಾನೆ.
ಭಾನುವಾರ ಬರುತ್ತದೆ. ಒಂದೂ ನೆನಪಾಗುವುದಿಲ್ಲ.

ಮೋರಾಗ್ ಓಬನ್‌ನ ಅಕ್ಕನ ಮನೆ ಸೇರಿ ಎರಡು ವರ್ಷ.
ನಾಲ್ಕು ಗಂಟೆಗೆ ಅವಳ ಫೋನು.
ಮಗನ ಹಲ್ಲುನೋವು, ಬೆಕ್ಕು, ಕರೆಂಟು ಬಿಲ್ಲು,
ಆಮೇಲೆ ತುಸು ಸುಮ್ಮನಿದ್ದು,
ಹವಾಮಾನ ಕೇಳುವ ದನಿಯಲ್ಲೇ:
"ಅಲ್ಲಿ ಡ್ರೈ ಇದೆಯಾ?"

ಕಿಟಕಿಯಾಚೆ ಕ್ಲೈಡ್ ನದಿಯೂ ಆಕಾಶವೂ
ಒಂದೇ ಬೂದು ಬಟ್ಟೆ, ಹಿಂಡುವವರಿಲ್ಲ.
ಗಟಾರ ಉಕ್ಕಿ ಮೆಟ್ಟಿಲಿಗೆ ಬಂದಿದೆ.
ಯೂವನ್ ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸುತ್ತಾನೆ.

"ಡ್ರೈ," ಎನ್ನುತ್ತಾನೆ.
"ಇಲ್ಲಿ ಇನ್ನೂ ಡ್ರೈಯಾಗೇ ಇದೆ."