ತೂಕದ ಮುದ್ರೆ

ವರ್ಷಕ್ಕೊಮ್ಮೆ ಬರುತ್ತೇನೆ ಕೂಡ್ಲೂರಿಗೆ,
ಚೀಲದಲ್ಲಿ ಹಿತ್ತಾಳೆ ಬಟ್ಟು, ಸುತ್ತಿಗೆ, ಸರ್ಕಾರದ ಮುದ್ರೆ.
ಪಿರಿಯಾಪಟ್ಟಣದ ಆರೂವರೆ ಬಸ್ಸಿನ ತುಂಬ
ಕಾಫಿ ವರ್ಕ್ಸಿನ ಹೆಂಗಸರು, ಮಡಿಲಲ್ಲಿ ಬುತ್ತಿ.
ಕೊಪ್ಪದ ಸೇತುವೆಯಲ್ಲಿ ಹೊಳೆಗೆ ಕೈಮುಗಿದವಳು ನಾನೊಬ್ಬಳೇ.
ಅವರಿಗೆ ಅದು
ಹಾಜರಿ ಹಾಕಲು ಇನ್ನು ಹತ್ತು ನಿಮಿಷ.

ಶೆಡ್ಡಿನಲ್ಲಿ ಹಗಲೂ ಟ್ಯೂಬ್‌ಲೈಟು.
ಬೆಲ್ಟಿನ ಮೇಲೆ ಬೀಜ ಹರಿಯುತ್ತದೆ;
ಕಪ್ಪು, ಒಡಕು, ಹುಳ ಕೊರೆದದ್ದು
ಬೆರಳೇ ಹೆಕ್ಕಿ ಬಿಸಾಡುತ್ತದೆ,
ಬಾಯಲ್ಲಿ ಚೀಟಿ ದುಡ್ಡಿನ ಮಾತು.

ಐವತ್ತು ಕೇಜಿಗೆ ಇನ್ನೂರು ಗ್ರಾಂ ಸುಳ್ಳು ಹೇಳಿತು ತಕ್ಕಡಿ.
'ಚಳಿಗೆ, ಮೇಡಂ' ಎಂದರು ಮ್ಯಾನೇಜರ್ ಮೇದಪ್ಪ.
ತಕ್ಕಡಿಗೆ ನೆಗಡಿಯಾಗುವುದಿಲ್ಲ ಎಂದೆ.
ರಿಪೇರಿಯವನು ಬಂದು ಬಿಚ್ಚಿ, ಒರೆಸಿ, ಕಟ್ಟಿ
ಸೀಸದ ಬಿಲ್ಲೆಗೆ ನಾನು ಮುದ್ರೆ ಹೊಡೆವಾಗ ನಾಲ್ಕು.
'ದೊರೆ ಬಂಗಲೆ ನೋಡಿಲ್ಲವಲ್ಲ, ಜೀಪಿದೆ, ಹೋಗಿ.
ಗೇಟಿಗೇ ಬಸ್ಸು ಬರುತ್ತೆ.'

ಸಿಲ್ವರ್ ಓಕಿನ ಸಾಲು. ಕೆಂಪು ಹೆಂಚು.
ಈಗದು ಹೋಂಸ್ಟೇ, ರಾತ್ರಿಗೆ ಒಂಬತ್ತು ಸಾವಿರ.
ಗೋಡೆಯ ಕಡವೆಗೆ ಒಂದು ಕಣ್ಣು ಗಾಜಿಂದು,
ಇನ್ನೊಂದು ಅಂಗಿಯ ಗುಂಡಿ.

ಗೇಟಿನ ಹೊರಗೆ, ಬಸ್ಸು ನಿಲ್ಲುವಲ್ಲಿ, ಒಂದು ಕಲ್ಲು:
ದೊಡ್ಡ ಯುದ್ಧಕ್ಕೆ ಹೋಗಿ ಬಾರದವರು.
ದೊರೆಯ ಮಗ, ವಯಸ್ಸು ಇಪ್ಪತ್ತೆರಡು,
ಅವನ ಪಲ್ಟನ್ನು, ಸತ್ತ ಊರು, ಒಂದು ಸಾಲು ಬೈಬಲ್ಲು.
ಹವಾಲ್ದಾರ್ ಚಂಗಪ್ಪ, ಸಿಪಾಯಿ ಮಂದಣ್ಣ, ಮನೆಹೆಸರಿನ ಸಮೇತ.
ಎಲ್ಲಕ್ಕಿಂತ ಕೆಳಗೆ, ಹುಲ್ಲು ಸರಿಸಿದರೆ,
'ತೋಟದ ಆಳುಗಳು, 11.'

ಮೂಟೆಯ ಲೆಕ್ಕ ಬರೆದ ಹಾಗೆ.

ಕಲ್ಲಿನ ಕಟ್ಟೆಯ ಮೇಲೆ ಟಿಫನ್ ಡಬ್ಬಿಯಿಟ್ಟು
ರಾತ್ರಿ ಪಾಳಿಗೆ ಹೊರಟಿದ್ದಳು ಲೈನ್‌ಮನೆಯ ಬೊಳ್ಚಿ.
'ಅಜ್ಜಿಯ ಅಪ್ಪ ಇದರಲ್ಲಿದ್ದಾನೆ.'
ಯಾರು, ಎಂದು ಕೇಳಿ ನಾಲಿಗೆ ಕಚ್ಚಿಕೊಂಡೆ.
ಅವಳು ಬಗ್ಗಿ ಬೆರಳಿಟ್ಟಳು:
'ಎರಡನೇ ಒಂದು ನಮ್ಮದು ಅಂತ ಇಟ್ಟುಕೊಂಡಿದೀವಿ.
ಮೊದಲನೇದರ ತಲೆ ಒಡೆದಿದೆ, ನೋಡಿ.
ಇದು ನೆಟ್ಟಗಿದೆ.'

ಆಮೇಲೆ ನನ್ನ ಚೀಲ ನೋಡಿ,
'ಹೆಸರು ಗೊತ್ತು, ಬೊಳಕ ಅಂತ.
ನಿಮ್ಮ ಮುದ್ರೆ ಕಲ್ಲಿಗೂ ಹಿಡಿಯುತ್ತಾ?'
ಇಲ್ಲ, ಸೀಸಕ್ಕೆ ಮಾತ್ರ.
'ಅಷ್ಟು ಮೆತ್ತಗಿರೋದಕ್ಕಾ!'

ಬಸ್ಸು ಬಂತು.
ತನ್ನ ಡಬ್ಬಿಯ ಜೊತೆ ನನ್ನ ಚೀಲವನ್ನೂ ಎತ್ತಿದಳು,
ಕೊಡುವ ಮೊದಲು
ಕೈಯಲ್ಲಿ ಒಮ್ಮೆ ಮೇಲೆ ಕೆಳಗೆ ಆಡಿಸಿ.